ಅಧ್ಯಕ್ಷಪದವಿಯ ಉಮೇದುವಾರರೂ ಕನ್ನಡಿಗರ ತಕ್ಕಡಿಯೂ

ರಾಷ್ಟ್ರೀಯ ಮಹಾಸಭೆಯ ಅಧ್ಯಕ್ಷಪದವಿಯನ್ನು ಮತ ಎಣಿಸಿ ತೀರ್ಮಾನಿಸಿದ ಪ್ರಸಂಗಗಳು ವಿರಳ. ಹೆಚ್ಚಿನ ವರ್ಷಗಳಲ್ಲಿ ಹಿರಿಯರು ಒಂದೆಡೆ ಕುಳಿತು ಒಂದು ಹೆಸರನ್ನು ಸೂಚಿಸುವರು. ಉಳಿದ ಹೆಸರುಗಳು ತಾವಾಗಿಯೇ ಹಿಂದೆ ಸರಿಯುವುವು. ಪ್ರಾಂತಗಳ ಪ್ರತಿನಿಧಿಗಳು ಕೈಯೆತ್ತಿ ಮನೆಗೆ ಮರಳುವರು. 1939, 1948, 1950, 1997, 2000, 2022 ಮೊದಲಾದ ಕೆಲವೇ ವರ್ಷಗಳಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಉಮೇದುವಾರರು ಕೊನೆಯವರೆಗೂ ನಿಂತರು. ಅಂತಹ ಸಂದರ್ಭ ಒದಗಿದಾಗ ನಮ್ಮ ಕುಂದಾಪುರದ ವಕೀಲರ ಕೋಣೆಯಲ್ಲಾಗಲಿ, ಬೈಂದೂರಿನ ಶಾಲೆಯ ಜಗಲಿಯಲ್ಲಾಗಲಿ, ಬ್ರಹ್ಮಾವರದ ಪೇಟೆಯಲ್ಲಾಗಲಿ ಏಳುವ ಪ್ರಶ್ನೆ ಒಂದೇ: ಇವರೊಳಗೆ ಕನ್ನಡನಾಡಿಗೆ ಹಿತನಾದವನು ಯಾರು?

ಪ್ರಶ್ನೆ ಸಹಜವಾದುದು, ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಅದೊಂದೇ ಪ್ರಶ್ನೆ ಸಾಲದು. ನಮ್ಮಲ್ಲಿ ಕಕ್ಷಿಗಾರನು ವಕೀಲನನ್ನು ಆರಿಸುವಾಗ ಮೊದಲು ಆತನ ಊರು ಕೇಳುವನು, ಆಮೇಲೆ ಫೀಸು ಕೇಳುವನು, ಕಟ್ಟಕಡೆಗೆ ಕಾಯಿದೆ ಬಲ್ಲನೇ ಎಂದು ವಿಚಾರಿಸುವನು. ತನ್ನ ದಾವೆಯನ್ನು ತೀರ್ಮಾನಿಸುವ ಅಧಿಕಾರ ಆ ಕೋರ್ಟಿಗೆ ಉಂಟೇ ಎಂಬುದನ್ನು ಮಾತ್ರ ಕೇಳುವುದೇ ಇಲ್ಲ. ಮಹಾಸಭೆಯ ಅಧ್ಯಕ್ಷರನ್ನು ತೂಗುವಾಗಲೂ ಕನ್ನಡಿಗರು ಬಹುಕಾಲ ಇದನ್ನೇ ಮಾಡಿದ್ದಾರೆ. ವ್ಯಕ್ತಿಯನ್ನು ತೂಗಿದರು, ಪೀಠವನ್ನು ತೂಗಲಿಲ್ಲ. ಹಿಂದಿನ ಕೆಲವು ಚುನಾವಣೆಗಳ ಕಾಗದಪತ್ರಗಳನ್ನು ಮತ್ತೊಮ್ಮೆ ಬಿಚ್ಚಿ ನೋಡಿದರೆ ಈ ಮಾತು ಸ್ಪಷ್ಟವಾಗುವುದು.

ಎಲ್ಲಕ್ಕಿಂತ ಸ್ವಾರಸ್ಯವಾದುದು 1939ರದು. ಸುಭಾಷಚಂದ್ರ ಬೋಸರು 1938ರಲ್ಲಿ ಹರಿಪುರದಲ್ಲಿ ಅಧ್ಯಕ್ಷರಾಗಿದ್ದವರು, ಎರಡನೆಯ ಬಾರಿಗೂ ನಿಲ್ಲುವೆನೆಂದರು. ಮೌಲಾನಾ ಆಜಾದರ ಹೆಸರು ಬಂದಿತು, ಅವರು ಹಿಂದೆಗೆದುಕೊಂಡರು. ಉಳಿದವರು ಮಚಲೀಪಟ್ಟಣದ ಡಾಕ್ಟರ್ ಪಟ್ಟಾಭಿ ಸೀತಾರಾಮಯ್ಯನವರು. ಜನವರಿ 24ರಂದು ವಲ್ಲಭಭಾಯಿ ಪಟೇಲ, ರಾಜೇಂದ್ರಪ್ರಸಾದ, ಕೃಪಲಾನಿ, ಶಂಕರರಾವ್ ದೇವ್ ಮೊದಲಾದ ಕಾರ್ಯಸಮಿತಿಯ ಸದಸ್ಯರು ಪಟ್ಟಾಭಿಯವರ ಪರವಾಗಿ ಪ್ರಕಟಣೆಯನ್ನು ಹೊರಡಿಸಿದರು. ಜನವರಿ 29ರಂದು ಮತದಾನವಾಯಿತು. ಬೋಸರಿಗೆ 1,580, ಪಟ್ಟಾಭಿಯವರಿಗೆ 1,377.

ಈ ಮೊತ್ತಗಳು ಎಲ್ಲರಿಗೂ ತಿಳಿದವೇ. ಪ್ರಾಂತವಾರು ಲೆಕ್ಕವನ್ನು ನೋಡಿದವರು ಕಡಿಮೆ. ಬಂಗಾಳವು ತನ್ನವರಾದ ಬೋಸರಿಗೆ 404, ಪಟ್ಟಾಭಿಯವರಿಗೆ 79 ಮತಗಳನ್ನು ಕೊಟ್ಟಿತು. ಆಂಧ್ರವು ತನ್ನವರಾದ ಪಟ್ಟಾಭಿಯವರಿಗೆ 181, ಬೋಸರಿಗೆ 28 ಕೊಟ್ಟಿತು. ಗುಜರಾತು ಪಟೇಲರ ಮಾತನ್ನು ಮೀರಲಿಲ್ಲ: ಪಟ್ಟಾಭಿಯವರಿಗೆ 100, ಬೋಸರಿಗೆ 5. ಮೂವರೂ ತಮ್ಮ ತಮ್ಮ ಮನೆಯ ಮಾತಿನಂತೆ ನಡೆದರು. ಕರ್ನಾಟಕಕ್ಕೆ ಕಣದಲ್ಲಿ ತನ್ನವನೆಂಬ ಉಮೇದುವಾರನಿರಲಿಲ್ಲ. ಆದುದರಿಂದ ತೂಗಿ ನೋಡುವ ಸ್ವಾತಂತ್ರ್ಯವಿತ್ತು. ಕರ್ನಾಟಕ ಪ್ರಾಂತದ ಪ್ರತಿನಿಧಿಗಳು ಬೋಸರಿಗೆ 106 ಮತಗಳನ್ನೂ ಪಟ್ಟಾಭಿಯವರಿಗೆ 41 ಮತಗಳನ್ನೂ ಹಾಕಿದರು.

ಇಲ್ಲಿ ಕರ್ನಾಟಕ ಪ್ರಾಂತವೆಂದರೆ ಏನೆಂಬುದನ್ನು ಎಳೆಯ ಓದುಗರಿಗೆ ತಿಳಿಸಬೇಕು. ಸರಕಾರದ ನಕಾಶೆಯಲ್ಲಿ ಆ ಹೆಸರಿನ ಪ್ರಾಂತವೇ ಇರಲಿಲ್ಲ. 1920ರಲ್ಲಿ ನಾಗಪುರದ ಅಧಿವೇಶನದಲ್ಲಿ ಮಹಾಸಭೆಯು ತನ್ನ ಪ್ರಾಂತಗಳನ್ನು ಭಾಷೆಗನುಸಾರವಾಗಿ ವಿಂಗಡಿಸಿಕೊಂಡಿತು. ಅಂದಿನಿಂದ ಕರ್ನಾಟಕವು ಮಹಾಸಭೆಯೊಳಗೆ ಒಂದಾಯಿತು. ಹೊರಗೆ ಮಾತ್ರ ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿತ್ತು. ಹೀಗಾಗಿ ಕುಂದಾಪುರದ ಮನುಷ್ಯನು ಮೂವತ್ತಾರು ವರ್ಷಗಳ ಕಾಲ ಎರಡು ಪ್ರಾಂತಗಳಲ್ಲಿ ಬಾಳಿದನು. ತೀರ್ವೆ ಕಟ್ಟುವಾಗ ಮದರಾಸಿನ ಪ್ರಜೆ. ನಾಲ್ಕಾಣೆ ಕೊಟ್ಟು ಕಾಂಗ್ರೆಸ್ಸಿನ ಚೀಟಿ ಪಡೆಯುವಾಗ ಕರ್ನಾಟಕದ ಪ್ರಜೆ. ಮೇಲಿನ ಕೋರ್ಟಿಗೆ ಹೋಗಬೇಕಾದರೆ ಹೊಳೆಗಳನ್ನು ದಾಟಿ ಮಂಗಳೂರಿಗೆ, ಅಲ್ಲಿಂದ ರೈಲಿನಲ್ಲಿ ದೇಶದ ಇನ್ನೊಂದು ಕರಾವಳಿಗೆ ಪ್ರಯಾಣ. ಅಧ್ಯಕ್ಷರ ಚುನಾವಣೆಯಲ್ಲಾದರೋ ಘಟ್ಟದ ಮೇಲಿನ ಧಾರವಾಡ, ಬೆಳಗಾವಿಯವರೊಡನೆ ಒಂದೇ ಪಂಕ್ತಿ. ಬೈಂದೂರು ಆಗ ಕುಂದಾಪುರ ತಾಲೂಕಿನಲ್ಲಿಯೂ ಬ್ರಹ್ಮಾವರ ಉಡುಪಿ ತಾಲೂಕಿನಲ್ಲಿಯೂ ಸೇರಿದ್ದ ಊರುಗಳು. ಏಕೀಕರಣದ ಮೊದಲ ರುಚಿಯನ್ನು ಈ ಕರಾವಳಿಯವರು ಕಂಡದ್ದು ಸರಕಾರದ ಗೆಜೆಟ್ಟಿನಲ್ಲಿ ಅಲ್ಲ, ಮಹಾಸಭೆಯ ಮತಪಟ್ಟಿಯಲ್ಲಿ. ಆ ಮತಕ್ಕೆ ಅವರು ಬೆಲೆ ಕೊಡುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಆ ಬೆಲೆಯುಳ್ಳ ಮತ ಬೋಸರ ಕಡೆಗೆ ಏಕೆ ಹೋಯಿತು? ಭಾಷಾಪ್ರಾಂತಗಳ ದೃಷ್ಟಿಯೊಂದರಿಂದಲೇ ತೂಗಿದರೆ ಪಟ್ಟಾಭಿಯವರ ತಟ್ಟೆಯೇ ಭಾರ. ಅವರು ಆಂಧ್ರ ಚಳುವಳಿಯ ಮುಂದಾಳುಗಳಲ್ಲಿ ಒಬ್ಬರು. ಮಹಾಸಭೆಯು ಆಂಧ್ರಕ್ಕೆ ಪ್ರತ್ಯೇಕ ಪ್ರಾಂತಸಮಿತಿಯನ್ನು ಒಪ್ಪಿಕೊಂಡದ್ದು ನಾಗಪುರಕ್ಕಿಂತ ಮೂರು ವರ್ಷ ಮೊದಲು, 1917ರಲ್ಲಿ. ಆ ವಾದವನ್ನು ಹೂಡಿ ಗೆದ್ದವರಲ್ಲಿ ಪಟ್ಟಾಭಿಯವರು ಪ್ರಮುಖರು. ಆಂಧ್ರರು ತೆರೆದ ಬಾಗಿಲಿನಿಂದಲೇ ನಾವೂ ಒಳಹೊಕ್ಕೆವು. ಬ್ಯಾಂಕನ್ನು ಸ್ಥಾಪಿಸಿದವರು, ಮಹಾಸಭೆಯ ಇತಿಹಾಸವನ್ನು ಬರೆದವರು, ಲೆಕ್ಕ ಬಲ್ಲವರು, ಮಾತು ಬಲ್ಲವರು. ಗಾಂಧೀಜಿಯವರ ಮನಸ್ಸೂ ಅವರ ಕಡೆಗೇ ಇತ್ತು.

ಬೋಸರ ತಟ್ಟೆಯಲ್ಲಿ ಏನಿತ್ತು? ಹರಿಪುರದ ಭಾಷಣದಲ್ಲಿ ಅವರು ಹಿಂದುಸ್ತಾನಿಯನ್ನು ಸಾಮಾನ್ಯ ಭಾಷೆಯಾಗಿ ಮಾಡಬೇಕೆಂದರು. ಅದಕ್ಕೆ ರೋಮನ್ ಲಿಪಿ ಆಗಬಹುದೆಂದರು. ಈ ಎರಡನೆಯ ಮಾತನ್ನು ಕೇಳಿ ನಮ್ಮ ಉಪಾಧ್ಯಾಯರು ಹುಬ್ಬು ಗಂಟಿಕ್ಕಿದರೆ ತಪ್ಪೆನ್ನಲಾರೆವು. ಮಕ್ಕಳಿಗೆ ಒತ್ತಕ್ಷರ ತಿದ್ದಿಸುವ ಕಷ್ಟ ಬಲ್ಲವನಿಗೆ ಲಿಪಿಯ ಮೇಲಿನ ಮಮತೆಯೂ ಗೊತ್ತು. ಆದರೆ 1939ರ ಜನವರಿಯಲ್ಲಿ ದೇಶದ ಮುಂದೆ ಇದ್ದ ವಿಷಯ ಲಿಪಿಯಲ್ಲ. 1935ರ ಶಾಸನವು ಹೇಳಿದ ಸಂಯುಕ್ತ ಸರಕಾರವನ್ನು, ಎಂದರೆ ಸಂಸ್ಥಾನಿಕ ರಾಜರನ್ನೂ ಬ್ರಿಟಿಷ್ ಪ್ರಾಂತಗಳನ್ನೂ ಒಂದೇ ಗೂಟಕ್ಕೆ ಕಟ್ಟುವ ಏರ್ಪಾಡನ್ನು, ಮಹಾಸಭೆಯು ರಾಜಿಮಾಡಿಕೊಂಡು ಒಪ್ಪಿಬಿಡುವುದೋ ಎಂಬ ಶಂಕೆ ಇತ್ತು. ರಾಜಿ ಕೂಡದೆಂದು ಗಟ್ಟಿಯಾಗಿ ಹೇಳುತ್ತಿದ್ದವರು ಬೋಸರು. ಅಧ್ಯಕ್ಷರ ಆಯ್ಕೆ ಹೆಸರಿನ ಮೇಲಲ್ಲ, ಕಾರ್ಯಕ್ರಮದ ಮೇಲೆ ನಡೆಯಬೇಕೆಂದು ಬಹಿರಂಗವಾಗಿ ಹೇಳಿದವರೂ ಅವರೇ. ಅರ್ಧ ನಾಡು ಮಹಾರಾಜರ, ನಿಜಾಮರ, ಸಣ್ಣಪುಟ್ಟ ಸಂಸ್ಥಾನಿಕರ ಕೈಯಲ್ಲಿದ್ದ ಕನ್ನಡಿಗನಿಗೆ ಈ ಪ್ರಶ್ನೆ ದೂರದ್ದಲ್ಲ. ರಾಜರನ್ನು ಹಾಗೆಯೇ ನೆಲೆಗೊಳಿಸುವ ಸಂಯುಕ್ತ ಸರಕಾರ ಬಂದಿದ್ದರೆ ಕನ್ನಡನಾಡು ಒಂದಾಗುವ ಬಗೆಯೇ ಇರುತ್ತಿರಲಿಲ್ಲ. ಭಾಷಾಪ್ರಾಂತದ ಪಕ್ಷಪಾತಿಗೆ ಮತ ಹಾಕದೆಯೂ ಭಾಷಾಪ್ರಾಂತಕ್ಕೆ ಮತ ಹಾಕಿದಂತಾಗುವ ಒಂದು ದಾರಿ ಇತ್ತೆಂದು ನಾವು ಇದನ್ನು ಓದುತ್ತೇವೆ.

ಆದರೂ ಕೆಲವರು ಹಿರಿಯರು ಇನ್ನೊಂದು ವಾದವನ್ನು ಹೂಡುವುದುಂಟು. ಕನ್ನಡಿಗರು ಅಂದು ಭಾವಾವೇಶದಿಂದ ಬಂಗಾಳದ ಸಿಂಹನ ಹಿಂದೆ ಹೋದರು. ಪಟ್ಟಾಭಿಯವರನ್ನು ಗೆಲ್ಲಿಸಿದ್ದರೆ ಕರ್ನಾಟಕ ಪ್ರಾಂತವು ಹತ್ತು ವರ್ಷ ಮೊದಲೇ ದೊರೆಯುತ್ತಿತ್ತು ಎಂದು ಅವರು ಹೇಳುವರು. ಮೊದಲು ಅಂಕಿಗಳ ಮಾತು. ಕರ್ನಾಟಕವು ತನ್ನ ಮತಗಳನ್ನು ತಿರುಗುಮುರುಗು ಮಾಡಿ ಪಟ್ಟಾಭಿಯವರಿಗೆ 106, ಬೋಸರಿಗೆ 41 ಕೊಟ್ಟಿದ್ದರೂ ಬೋಸರು 1,515, ಪಟ್ಟಾಭಿಯವರು 1,442 ಆಗುತ್ತಿದ್ದರು. ಬೋಸರೇ 73 ಮತಗಳಿಂದ ಗೆಲ್ಲುತ್ತಿದ್ದರು. ಎರಡನೆಯದಾಗಿ, ಭಾಷಾಪ್ರಾಂತದ ವಿಷಯದಲ್ಲಿ ಮಹಾಸಭೆಯ ಭರವಸೆಗಳು ಅಧ್ಯಕ್ಷರನ್ನು ಅವಲಂಬಿಸಿ ಇರಲಿಲ್ಲ. 1937ರ ಅಕ್ಟೋಬರಿನಲ್ಲಿ ಕಲಕತ್ತೆಯಲ್ಲಿ ಕೂಡಿದ ಅಖಿಲ ಭಾರತ ಸಮಿತಿ ಆಂಧ್ರ, ಕರ್ನಾಟಕ ಪ್ರಾಂತಗಳ ರಚನೆಯನ್ನು ಪರಿಶೀಲಿಸಬೇಕೆಂದು ಮದರಾಸು, ಮುಂಬಯಿ ಸರಕಾರಗಳಿಗೆ ಶಿಫಾರಸು ಮಾಡಿತು. ಆಗ ಅಧ್ಯಕ್ಷರು ಜವಾಹರಲಾಲರು. 1938ರ ಜುಲೈಯಲ್ಲಿ ವಾರ್ಧಾದಲ್ಲಿ ಕಾರ್ಯಸಮಿತಿಯು ಆಂಧ್ರ, ಕರ್ನಾಟಕ, ಕೇರಳಗಳ ನಿಯೋಗಗಳಿಗೆ, ಅಧಿಕಾರ ಕೈಗೆ ಬಂದೊಡನೆ ಈ ಕೆಲಸ ಮಾಡುವೆವೆಂದು ಮಾತು ಕೊಟ್ಟಿತು, ಅಲ್ಲಿಯವರೆಗೆ ಚಳುವಳಿ ಬೇಡವೆಂದೂ ಹೇಳಿತು. ಆಗ ಅಧ್ಯಕ್ಷರು ಬೋಸರು. ಇಬ್ಬರೂ ಕೊಟ್ಟದ್ದು ಒಂದೇ ಬಗೆಯ ಪ್ರಾಮಿಸರಿ ನೋಟು. ಹಣ ಸಲ್ಲಿಸುವ ತಾರೀಕು ಅದರಲ್ಲಿ ಇರಲಿಲ್ಲ.

ಬೋಸರ ಗೆಲುವಿನ ಗತಿಯೇನಾಯಿತೆಂಬುದು ಲೋಕವಿದಿತ. ಪಟ್ಟಾಭಿಯವರ ಸೋಲು ಅವರಿಗಿಂತ ಹೆಚ್ಚಾಗಿ ತನ್ನದೆಂದು ಗಾಂಧೀಜಿ ಹೇಳಿದರು. ಫೆಬ್ರುವರಿಯಲ್ಲಿ ಕಾರ್ಯಸಮಿತಿಯ ಬಹುಮಂದಿ ಸದಸ್ಯರು ರಾಜೀನಾಮೆ ಕೊಟ್ಟರು. ಮಾರ್ಚಿಯಲ್ಲಿ ತ್ರಿಪುರಿಯಲ್ಲಿ, ಗಾಂಧೀಜಿಯವರ ಇಚ್ಛೆಯಂತೆಯೇ ಅಧ್ಯಕ್ಷರು ಕಾರ್ಯಸಮಿತಿಯನ್ನು ರಚಿಸಬೇಕೆಂಬ ಪಂತರ ಠರಾವು ಅಂಗೀಕೃತವಾಯಿತು. ಏಪ್ರಿಲ್ 29ರಂದು ಕಲಕತ್ತೆಯಲ್ಲಿ ಬೋಸರು ಪದವಿಯನ್ನು ಬಿಟ್ಟರು. 1,580 ಮತಗಳನ್ನು ಪಡೆದವರಿಗೆ ಮೂರು ತಿಂಗಳು ಸಹ ಕುರ್ಚಿ ಉಳಿಯಲಿಲ್ಲ. ವೇಷಧಾರಿ ಎಷ್ಟೇ ಸಮರ್ಥನಾದರೂ ಭಾಗವತನು ಪದ ಎತ್ತದಿದ್ದರೆ ರಂಗಸ್ಥಳದಲ್ಲಿ ಏನು ಮಾಡಿಯಾನು?

ಹಿರಿಯರ ವಾದಕ್ಕೆ ನಿಜವಾದ ಪರೀಕ್ಷೆ ಒದಗಿದ್ದು 1948ರಲ್ಲಿ. ಪಟ್ಟಾಭಿಯವರು ಮತ್ತೆ ನಿಂತರು. ಎದುರಾಳಿ ಸಂಯುಕ್ತ ಪ್ರಾಂತದ ಪುರುಷೋತ್ತಮದಾಸ ಟಂಡನ್. ಟಂಡನರು ಸತ್ಯಸಂಧರು, ಸರಳ ಜೀವಿ, ಆದರೆ ಹಿಂದಿಯ ವಿಷಯದಲ್ಲಿ ಹಟವಾದಿ. ದಕ್ಷಿಣದವರ ಭಾಷಾಪ್ರಾಂತದ ಆಸೆಗೆ ಅವರಿಂದ ನೀರೆರೆಯುವ ಸಂಭವ ಕಡಿಮೆ. ಪಟ್ಟಾಭಿಯವರು 1,199 ಮತಗಳನ್ನೂ ಟಂಡನರು 1,085 ಮತಗಳನ್ನೂ ಪಡೆದರು. ಇನ್ನೇನು ಬೇಕು! ಭಾಷಾಪ್ರಾಂತಗಳ ಹಳೆಯ ವಕೀಲರೇ ನ್ಯಾಯಪೀಠವನ್ನೇರಿದರು. ಸ್ವರಾಜ್ಯ ಬಂದಿತ್ತು, ವಾರ್ಧಾದ ನೋಟಿನ ಹಣ ಸಲ್ಲಿಸಲು ಖಜಾನೆಯ ಬೀಗದ ಕೈ ಕೈಯಲ್ಲಿತ್ತು.

ಆದದ್ದೇನು? ಆಂಧ್ರ, ಕರ್ನಾಟಕ, ಕೇರಳ, ಮಹಾರಾಷ್ಟ್ರಗಳ ರಚನೆಯನ್ನು ವಿಚಾರಿಸಲು ನೇಮಿಸಿದ್ದ ಧಾರ್ ಆಯೋಗವು ಆ ವರ್ಷದ ಡಿಸೆಂಬರಿನಲ್ಲಿ ಭಾಷೆಯ ಆಧಾರದಿಂದ ಪ್ರಾಂತಗಳನ್ನು ರಚಿಸುವುದು ದೇಶಕ್ಕೆ ಹಿತವಲ್ಲವೆಂದಿತು. ಅದೇ ತಿಂಗಳು ಜಯಪುರದ ಅಧಿವೇಶನವು ಈ ವಿಷಯವನ್ನು ಮರುವಿಚಾರ ಮಾಡಲು ಮೂವರ ಸಮಿತಿಯನ್ನು ನೇಮಿಸಿತು: ಜವಾಹರಲಾಲ್, ವಲ್ಲಭಭಾಯಿ, ಪಟ್ಟಾಭಿ. ಮೂವರ ಹೆಸರಿನ ಮೊದಲಕ್ಷರಗಳಿಂದ ಜೆ.ವಿ.ಪಿ. ಸಮಿತಿಯೆಂದು ಅದು ಪ್ರಸಿದ್ಧವಾಯಿತು. 1949ರ ಏಪ್ರಿಲಿನಲ್ಲಿ ವರದಿ ಬಂದಿತು. ಭಾಷಾಪ್ರಾಂತಗಳ ರಚನೆಯನ್ನು ಕೆಲವು ವರ್ಷ ಮುಂದೆ ಹಾಕಬೇಕು. ಆಂಧ್ರದ ವಿಷಯವನ್ನು ಬೇಕಾದರೆ ಪ್ರತ್ಯೇಕವಾಗಿ ನೋಡಬಹುದು, ಅದೂ ಮದರಾಸು ನಗರದ ಮೇಲಿನ ಹಕ್ಕನ್ನು ಆಂಧ್ರರು ಬಿಡುವುದಾದರೆ. ವರದಿಯ ಕೆಳಗೆ ಪಟ್ಟಾಭಿಯವರ ರುಜು.

ಇದನ್ನು ದ್ರೋಹವೆಂದು ಕೂಗಿದವರುಂಟು. ನಾವು ಹಾಗೆನ್ನಲಾರೆವು. ದೇಶವು ಎರಡಾಗಿ ಇನ್ನೂ ಎರಡು ವರ್ಷವಾಗಿರಲಿಲ್ಲ. ಗಾಂಧೀಜಿಯವರ ಕೊಲೆಯಾಗಿ ಒಂದು ವರ್ಷ ಕಳೆದಿತ್ತು. ಹೈದರಾಬಾದಿನ ಪ್ರಶ್ನೆ 1948ರ ಸೆಪ್ಟೆಂಬರಿನಲ್ಲಷ್ಟೇ ತೀರ್ಮಾನವಾಗಿತ್ತು. ಮನೆಗೆ ಬೆಂಕಿ ಬಿದ್ದಾಗ ಪಾಲುಪಟ್ಟಿಯ ಮಾತೆತ್ತುವುದು ಬೇಡವೆಂದು ಯಜಮಾನನು ಹೇಳಿದರೆ ಅದರಲ್ಲಿ ಅರ್ಥವಿದೆ. ಆಂಧ್ರಕ್ಕೆ ಮಾತ್ರ ಬಾಗಿಲನ್ನು ಅರೆತೆರೆದದ್ದಕ್ಕೂ ಕಾರಣವುಂಟು. ಅವರು ಕೇಳಿದ ನಾಡಿನ ಬಹುಭಾಗ ಒಂದೇ ಮದರಾಸು ಪ್ರಾಂತದೊಳಗಿತ್ತು. ಒಂದು ಗೆರೆ ಎಳೆದರೆ ಮುಗಿಯಿತು. ಕನ್ನಡನಾಡಾದರೋ ಹಲವು ಆಡಳಿತಗಳಿಂದ ತುಂಡುಗಳನ್ನು ತಂದು ಜೋಡಿಸಬೇಕಾದದ್ದು. ಅದರಲ್ಲಿ ಮೈಸೂರಿನವರೊಳಗೆ ಕೆಲವರಿಗೆ ಜೋಡಣೆಯೇ ಬೇಡವಾಗಿತ್ತು. ಇಷ್ಟೆಲ್ಲವೂ ನಿಜ. ಆದರೆ ಹಿರಿಯರ ವಾದವನ್ನು ಪರೀಕ್ಷಿಸುವವನಿಗೆ ಬೇಕಾದ ರುಜುವಾತು ಇದರಲ್ಲಿಯೇ ಇದೆ: ಭಾಷಾಪ್ರಾಂತದ ಪರಮ ಪಕ್ಷಪಾತಿಯು ಅಧ್ಯಕ್ಷನಾದ ಕೆಲವೇ ತಿಂಗಳಲ್ಲಿ ಭಾಷಾಪ್ರಾಂತವನ್ನು ಮುಂದೂಡುವ ಕಾಗದಕ್ಕೆ ರುಜು ಹಾಕಬೇಕಾಯಿತು. ಆತನ ಮನಸ್ಸು ಬದಲಾಯಿಸಿದ್ದಲ್ಲ, ಆ ಪೀಠದ ಅಧಿಕಾರವೇ ಅಷ್ಟು.

ಕುಂದಾಪುರದವನು ಇನ್ನೂ ಏಳು ವರ್ಷ ಮದರಾಸಿನ ಪ್ರಜೆಯಾಗಿಯೇ ಉಳಿದನು.

1950ರ ಚುನಾವಣೆಯಲ್ಲಿ ಮೂವರು ನಿಂತರು. ಟಂಡನರು 1,306, ಆಚಾರ್ಯ ಕೃಪಲಾನಿಯವರು 1,092, ಶಂಕರರಾವ್ ದೇವರು 202. ಕನ್ನಡಿಗನ ತಕ್ಕಡಿಗೆ ಇದಕ್ಕಿಂತ ಕಷ್ಟದ ಸರಕು ಬಂದಿರಲಾರದು. ಟಂಡನರ ವಿಷಯ ಹೇಳಿದೆವು. ಕೃಪಲಾನಿಯವರು ಸಿಂಧದವರು, ದೇಶವಿಭಾಗದಲ್ಲಿ ಹುಟ್ಟಿದ ನಾಡನ್ನೇ ಕಳೆದುಕೊಂಡವರು. 1947ರಲ್ಲಿ ಅಧ್ಯಕ್ಷರಾಗಿದ್ದಾಗ, ಸರಕಾರವು ಮಹಾಸಭೆಯ ಅಧ್ಯಕ್ಷನನ್ನು ಕೇಳದೆಯೇ ನಡೆಯುವುದಾದರೆ ಆ ಪದವಿಯಲ್ಲಿ ಇದ್ದು ಫಲವೇನೆಂದು ಬಿಟ್ಟು ಹೊರನಡೆದವರು. ಪೀಠದ ಅಧಿಕಾರವ್ಯಾಪ್ತಿ ಎಷ್ಟೆಂಬುದನ್ನು ಒಳಗಿನಿಂದ ಅಳೆದು ನೋಡಿದ ಉಮೇದುವಾರರು ಅವರೊಬ್ಬರೇ. ಇನ್ನು ದೇವರು. ಭಾಷೆಗೊಂದು ಪ್ರಾಂತವೆಂಬ ತತ್ತ್ವದಲ್ಲಿ ಮೂವರೊಳಗೆ ನಮಗೆ ಅತ್ಯಂತ ಸಮೀಪದವರು. ಸಂಯುಕ್ತ ಮಹಾರಾಷ್ಟ್ರದ ಚಳುವಳಿಯ ಅಗ್ರಣಿಗಳು. ಆದರೆ ಆ ಚಳುವಳಿಯ ಠರಾವು ಹುಟ್ಟಿದ್ದೇ 1946ರಲ್ಲಿ ಬೆಳಗಾವಿಯಲ್ಲಿ ಕೂಡಿದ ಮರಾಠಿ ಸಾಹಿತ್ಯ ಸಮ್ಮೇಳನದಲ್ಲಿ. ಗಾಂಧೀಜಿಯವರು 1924ರಲ್ಲಿ ಮಹಾಸಭೆಯ ಅಧ್ಯಕ್ಷತೆ ವಹಿಸಿದ ನಮ್ಮ ಬೆಳಗಾವಿಯ ಮೇಲೆಯೇ ಅವರ ಕಣ್ಣು. ನೆರೆಯವನು ತನ್ನ ಮನೆಗೆ ಬೇಲಿ ಹಾಕಿಕೊಳ್ಳುವ ಹಕ್ಕನ್ನು ಒಪ್ಪುತ್ತೇವೆ, ಬೇಲಿಯ ಗೂಟ ನಮ್ಮ ಅಂಗಳದಲ್ಲಿ ಊರಿದರೆ ಒಪ್ಪಲಾರೆವು. ಆದರೂ ಒಂದು ಮಾತು ನ್ಯಾಯವಾಗಿ ಹೇಳಬೇಕು: ದೇವರನ್ನು ಭಾಷಾದುರಭಿಮಾನಿಯೆಂದು ಜರೆದ ನಮ್ಮವರು ಅದೇ ಉಸಿರಿನಲ್ಲಿ ಅದೇ ತತ್ತ್ವವನ್ನು ತಮಗಾಗಿ ಹೇಳುತ್ತಿದ್ದರು. ಗೆದ್ದ ಟಂಡನರೂ ಒಂದು ವರ್ಷದಲ್ಲಿ, 1951ರ ಸೆಪ್ಟೆಂಬರಿನಲ್ಲಿ, ಕುರ್ಚಿಯನ್ನು ಬಿಟ್ಟು ಪ್ರಧಾನಮಂತ್ರಿಗಳಿಗೇ ಅದನ್ನು ಒಪ್ಪಿಸಬೇಕಾಯಿತು.

ಅನಂತರ ಭಾಷಾಪ್ರಾಂತಗಳು ಬಂದವು. ಯಾವ ಅಧ್ಯಕ್ಷನ ಮತಗಳಿಂದಲೂ ಅಲ್ಲ. 1952ರ ಡಿಸೆಂಬರಿನಲ್ಲಿ ಪೊಟ್ಟಿ ಶ್ರೀರಾಮುಲು ಉಪವಾಸದಿಂದ ಪ್ರಾಣ ಬಿಟ್ಟರು. 1953ರ ಅಕ್ಟೋಬರ್ 1ರಂದು ಆಂಧ್ರ ಉದಯಿಸಿತು. ಅದೇ 1953ರಲ್ಲಿ ಹುಬ್ಬಳ್ಳಿಯ ಬಳಿಯ ಅದರಗುಂಚಿಯಲ್ಲಿ ಶಂಕರಗೌಡರು ಉಪವಾಸ ಕುಳಿತರು. ಹುಬ್ಬಳ್ಳಿಯಲ್ಲಿ ಕೂಡಿದ ಪ್ರಾಂತಸಮಿತಿಯನ್ನು ಜನರು ಮುತ್ತಿದರು. ವರ್ಷದ ಕೊನೆಗೆ ಫಜಲ್ ಅಲಿ ಆಯೋಗ ನೇಮಕವಾಯಿತು. 1956ರ ನವೆಂಬರ್ 1ರಂದು ಕನ್ನಡನಾಡು ಒಂದಾಯಿತು, ಹೆಚ್ಚುಕಡಿಮೆ. ಕಾಸರಗೋಡು ತಾಲೂಕು ಅಂದೇ ನಮ್ಮ ಜಿಲ್ಲೆಯಿಂದ ಹರಿದು ಕೇರಳಕ್ಕೆ ಹೋಯಿತು. ಮದರಾಸಿನಿಂದ ಬಿಡುಗಡೆಯಾದ ದಿನವೇ ಜಿಲ್ಲೆಯ ತೆಂಕಣ ತುದಿ ಬೇರೆಯಾಯಿತು. ಈ ಕರಾವಳಿಯ ಮಟ್ಟಿಗೆ ಆ ದಿನ ಹಬ್ಬವೂ ಹೌದು, ಸೂತಕವೂ ಹೌದು.

ಇಷ್ಟರಿಂದ ಕೆಲವರು, ಹಾಗಿದ್ದರೆ ಪಕ್ಷಪಾತಿ ಸಾಲದು, ಕನ್ನಡಿಗನೇ ಅಧ್ಯಕ್ಷನಾಗಬೇಕು ಎನ್ನಬಹುದು. ಅದಕ್ಕೂ ರುಜುವಾತು ದಫ್ತರಿನಲ್ಲಿದೆ. ಎಸ್. ನಿಜಲಿಂಗಪ್ಪನವರಿಗಿಂತ ದೊಡ್ಡ ಏಕೀಕರಣವಾದಿಯನ್ನು ಎಲ್ಲಿಂದ ತರುವುದು? ಕರ್ನಾಟಕ ಪ್ರಾಂತಸಮಿತಿಯ ಅಧ್ಯಕ್ಷರಾಗಿ ದುಡಿದರು, ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾದರು. 1966ರಲ್ಲಿ ಕೇಂದ್ರ ಸರಕಾರವು ನೇಮಿಸಿದ ಮಹಾಜನ ಆಯೋಗವು 1967ರ ಆಗಸ್ಟಿನಲ್ಲಿ ವರದಿ ಕೊಟ್ಟಿತು. ಬೆಳಗಾವಿ ನಗರ ಮೈಸೂರು ರಾಜ್ಯದಲ್ಲಿಯೇ ಇರಬೇಕೆಂದಿತು. ಚಂದ್ರಗಿರಿ ಹೊಳೆಯ ಬಡಗಣ ಕಾಸರಗೋಡು ಮೈಸೂರಿಗೆ ಸೇರಬೇಕೆಂದಿತು. ಆಗ ಮುಖ್ಯಮಂತ್ರಿಗಳು ನಿಜಲಿಂಗಪ್ಪನವರು. 1968ರಲ್ಲಿ ಅವರೇ ರಾಷ್ಟ್ರೀಯ ಮಹಾಸಭೆಯ ಅಧ್ಯಕ್ಷರಾದರು. ದಿಲ್ಲಿಯ ಸರಕಾರ ಅವರ ಪಕ್ಷದ್ದೇ. ವರದಿ ನಮ್ಮ ಪರವಾಗಿ, ಅಧ್ಯಕ್ಷರು ನಮ್ಮವರು, ಸರಕಾರ ಅಧ್ಯಕ್ಷರ ಪಕ್ಷದ್ದು! ಆದರೂ ಗಡಿ ಒಂದು ಗೇಣೂ ಸರಿಯಲಿಲ್ಲ. 1969ರ ನವೆಂಬರಿನಲ್ಲಿ ಅಧ್ಯಕ್ಷರು ಪ್ರಧಾನಮಂತ್ರಿಗಳಾದ ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಹೊರಗೆ ಹಾಕಿದರು. ಪಕ್ಷವೇ ಎರಡಾಯಿತು, ಸರಕಾರ ಮಾತ್ರ ಪ್ರಧಾನಮಂತ್ರಿಗಳ ಕೈಯಲ್ಲೇ ಉಳಿಯಿತು. ಕಾಗದದ ಮೇಲಿನ ಡಿಕ್ರಿಯನ್ನು ಜಾರಿ ಮಾಡಿಸುವ ಅಮೀನನು ಯಾರ ಆಳು ಎಂಬುದನ್ನು ಕೇಳದೆ ಡಿಕ್ರಿ ಸಿಕ್ಕಿತೆಂದು ಹಿಗ್ಗಿದ ಕಕ್ಷಿಗಾರನ ಪಾಡು ನಮ್ಮದಾಯಿತು.

1997ರಲ್ಲಿ ಸೀತಾರಾಮ ಕೇಸರಿಯವರು 6,224 ಮತಗಳಿಂದ, ಶರದ್ ಪವಾರರ 882, ರಾಜೇಶ್ ಪೈಲಟರ 354 ಮತಗಳನ್ನು ಮೀರಿದರು. 2000ದಲ್ಲಿ ಸೋನಿಯಾ ಗಾಂಧಿಯವರಿಗೆ 7,448, ಜಿತೇಂದ್ರ ಪ್ರಸಾದರಿಗೆ 94. ಇವುಗಳಲ್ಲಿ ತೂಗಿ ನೋಡುವಂತಹದು ಹೆಚ್ಚಿಲ್ಲ.

2022ರ ಚುನಾವಣೆಯಲ್ಲಿ ಇತ್ತು. ಒಂದು ಕಡೆ ಕಲಬುರ್ಗಿಯ ಮಲ್ಲಿಕಾರ್ಜುನ ಖರ್ಗೆಯವರು. ಇನ್ನೊಂದು ಕಡೆ ತಿರುವನಂತಪುರದ ಶಶಿ ತರೂರರು. ತೆಂಕಣ ಭಾರತದ ನೆರೆಹೊರೆಯ ಎರಡು ರಾಜ್ಯಗಳ ಇಬ್ಬರು ಎದುರುಬದುರಾಗಿ ನಿಂತರು. ತರೂರರು ವಿಶ್ವಸಂಸ್ಥೆಯಲ್ಲಿ ಉನ್ನತ ಅಧಿಕಾರಿಯಾಗಿದ್ದವರು, ವಿದ್ವಾಂಸರು, ಪ್ರಣಾಳಿಕೆಯನ್ನು ಅಚ್ಚು ಹಾಕಿಸಿ ಮತ ಕೇಳಿದವರು. ಪಕ್ಷದ ಅಧಿಕಾರವನ್ನು ದಿಲ್ಲಿಯಿಂದ ರಾಜ್ಯಗಳಿಗೂ ಕೆಳಗಿನ ಸಮಿತಿಗಳಿಗೂ ಹಂಚಬೇಕೆಂದರು. ಭಾಷಾಪ್ರಾಂತದ ಹಳೆಯ ತತ್ತ್ವಕ್ಕೆ ಈ ಮಾತು ಎಷ್ಟು ಹತ್ತಿರವೆಂಬುದನ್ನು ನಮ್ಮವರು ಗಮನಿಸಲಿಲ್ಲ. ಖರ್ಗೆಯವರು 1972ರಿಂದ ಗುರುಮಠಕಲ್ಲಿನಿಂದ ಸತತವಾಗಿ ವಿಧಾನಸಭೆಗೆ ಆರಿಸಿಬಂದವರು. ಕನ್ನಡವಲ್ಲದೆ ಉರ್ದು, ಹಿಂದಿ, ಮರಾಠಿ ಬಲ್ಲವರು. ಕಾರ್ಯಕರ್ತನ ಮೆಟ್ಟಿಲಿನಿಂದ ಒಂದೊಂದಾಗಿ ಮೇಲೇರಿದವರು. ಅವರ ತಟ್ಟೆಯಲ್ಲಿ ಮಾತಿಗಿಂತ ಹೆಚ್ಚಾಗಿ ಒಂದು ಕೆಲಸವಿತ್ತು. ಬೀದರ, ಕಲಬುರ್ಗಿ, ರಾಯಚೂರು, ಯಾದಗಿರಿ, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಿಗೆ ವಿದ್ಯೆಯಲ್ಲೂ ಉದ್ಯೋಗದಲ್ಲೂ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ 2012ರಲ್ಲಿ ಲೋಕಸಭೆಯಲ್ಲೂ ರಾಜ್ಯಸಭೆಯಲ್ಲೂ ಅಂಗೀಕೃತವಾಯಿತಲ್ಲವೇ? ವೈಜನಾಥ ಪಾಟೀಲರು ಬೀದಿಯಲ್ಲಿ ಹೋರಾಡಿದ ಆ ವಿಷಯಕ್ಕೆ ದಿಲ್ಲಿಯ ಮಂತ್ರಿಮಂಡಲದಲ್ಲಿದ್ದು ದುಡಿದವರಲ್ಲಿ ಖರ್ಗೆಯವರು ಮುಖ್ಯರು. ಓದುಗರು ಇಲ್ಲಿ ಒಂದು ಅಂಶವನ್ನು ನೋಡಬೇಕು. ಆ ಕೆಲಸವಾದಾಗ ಅವರು ಪಕ್ಷದ ಅಧ್ಯಕ್ಷರಲ್ಲ, ಕೇಂದ್ರದ ಮಂತ್ರಿ.

ಅಕ್ಟೋಬರ್ 17ರಂದು ಮತದಾನವಾಗಿ 19ರಂದು ಎಣಿಕೆಯಾಯಿತು. ಖರ್ಗೆಯವರಿಗೆ 7,897, ತರೂರರಿಗೆ 1,072, ಅಸಿಂಧುವಾದವು 416. ನಿಜಲಿಂಗಪ್ಪನವರ ತರುವಾಯ ಇನ್ನೊಬ್ಬ ಕನ್ನಡಿಗರು ಆ ಪೀಠವನ್ನೇರಿದರೆಂದು ನಾಡೆಲ್ಲ ಸಂತೋಷಪಟ್ಟಿತು, ನಾವೂ ಪಟ್ಟೆವು. ದಲಿತ ಮನೆತನದಲ್ಲಿ ಹುಟ್ಟಿ ಅಲ್ಲಿಯವರೆಗೆ ಏರಿದುದು ಸಣ್ಣ ಮಾತಲ್ಲ. ಆದರೆ ಕರ್ನಾಟಕದವರೊಬ್ಬರೂ ಕೇರಳದವರೊಬ್ಬರೂ ಎದುರುಬದುರು ನಿಂತ ಆ ವಾರಗಳಲ್ಲಿ ಕಾಸರಗೋಡಿನ ಕನ್ನಡ ಶಾಲೆಗಳ ಗತಿಯೇನೆಂಬುದು ಚುನಾವಣೆಯ ವಿಷಯವಾಗಲಿಲ್ಲ. ಇಬ್ಬರಲ್ಲಿ ಯಾರು ಬಂದರೂ ನೆರೆಯ ರಾಜ್ಯದೊಡನೆ ಮಾತಾಡುವ ನಂಟು ಅವರಿಗಿತ್ತು. ಕೇಳಬೇಕಾದವರು ಕೇಳಲಿಲ್ಲ, ಉಮೇದುವಾರರು ಹೇಳಲಿಲ್ಲ.

ಕೇಳಬೇಕಾದವರು ಯಾರು? ಇಲ್ಲಿಗೆ ನಮ್ಮ ಊರಿನ ಮಾತು ಬರುವುದು. ಅಮೆರಿಕದಲ್ಲಿ ರಾಷ್ಟ್ರಾಧ್ಯಕ್ಷಪದವಿಗೆ ಪಕ್ಷದ ಉಮೇದುವಾರನು ಯಾರಾಗಬೇಕೆಂಬುದನ್ನು ಒಂದೊಂದು ರಾಜ್ಯದಲ್ಲಿಯೂ ಸಾಮಾನ್ಯ ಮತದಾರರೇ ಮತ ಹಾಕಿ ತಿಳಿಸುವರು. ಆಸೆಯುಳ್ಳವರು ಸಣ್ಣ ಊರುಗಳ ಹೋಟೆಲುಗಳಲ್ಲಿ ಕುಳಿತು ರೈತನ ಪ್ರಶ್ನೆಗೆ ಉತ್ತರ ಹೇಳಬೇಕಾಗುವುದು. ನಮ್ಮ ಮಹಾಸಭೆಯ ಪದ್ಧತಿ ಹಾಗಲ್ಲ. ಬ್ಲಾಕಿಗೆ ಒಬ್ಬನಂತೆ ಪ್ರಾಂತಸಮಿತಿಗೆ ಆರಿಸಿಬಂದ ಪ್ರತಿನಿಧಿಗೇ ಮತ. ಎಂದರೆ ಸಾವಿರಾರು ಸದಸ್ಯರು ಚಂದಾ ಕೊಟ್ಟ ಬ್ಲಾಕಿನಲ್ಲಿ ಅಧ್ಯಕ್ಷರನ್ನು ಆರಿಸುವ ಕೈ ಒಂದೇ. ಆ ಒಬ್ಬರು ಯಾರೆಂದು ಕುಂದಾಪುರದಲ್ಲಿ ಎಷ್ಟು ಮಂದಿಗೆ ಗೊತ್ತಿತ್ತು? ಬೈಂದೂರಿನಲ್ಲಿ? ಬ್ರಹ್ಮಾವರದಲ್ಲಿ? 2022ರಲ್ಲಿ ಮತದಾರರ ಪಟ್ಟಿಯನ್ನು ಪ್ರಕಟಿಸಬೇಕೆಂದು ಪಕ್ಷದೊಳಗಿನ ಹಲವರೇ ಕೇಳಿದರು. ಉಮೇದುವಾರರಿಗೆ ಪಟ್ಟಿ ದೊರೆಯುವುದು, ರಾಜ್ಯ ಕಚೇರಿಯಲ್ಲಿ ನೋಡಬಹುದು ಎಂಬ ಉತ್ತರ ಬಂದಿತು. ಊರಿನ ಗ್ರಂಥಾಲಯದ ಹಲಗೆಯ ಮೇಲೆ ಅದು ಅಂಟಲಿಲ್ಲ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮುಖ್ಯ. 1939ರಲ್ಲಿ ಕರ್ನಾಟಕವು 106, 41 ಎಂದು ಮತ ಹಾಕಿತೆಂಬುದು ನಮಗೆ ತಿಳಿದಿದೆ; ಆದುದರಿಂದಲೇ ಅದು ಸರಿಯೋ ತಪ್ಪೋ ಎಂದು ಇಂದಿಗೂ ವಾದಿಸುತ್ತಿದ್ದೇವೆ. 2022ರಲ್ಲಿ ಎಲ್ಲ ರಾಜ್ಯಗಳ ಚೀಟಿಗಳನ್ನೂ ದಿಲ್ಲಿಯಲ್ಲಿ ಕಲಸಿ ಎಣಿಸಿದರು. ಕರ್ನಾಟಕದವರು ತರೂರರಿಗೆ ಎಷ್ಟು ಕೊಟ್ಟರು, ಕೇರಳದವರು ಖರ್ಗೆಯವರಿಗೆ ಎಷ್ಟು ಕೊಟ್ಟರು, ಯಾರೂ ಅರಿಯರು. ಕಲಸುವುದಕ್ಕೆ ಒಂದು ಸಮರ್ಥನೆ ಉಂಟು: ಸೋತವನ ಪರವಾಗಿ ಮತ ಹಾಕಿದ ರಾಜ್ಯದ ಮೇಲೆ ಗೆದ್ದವನ ಕಡೆಯವರು ಹಗೆ ಸಾಧಿಸಬಾರದು. ವ್ಯಕ್ತಿಯ ಮತ ಗುಟ್ಟಾಗಿಯೇ ಇರಲಿ. ರಾಜ್ಯದ ಮೊತ್ತವನ್ನೂ ಗುಟ್ಟು ಮಾಡಿದರೆ ರಾಜ್ಯಕ್ಕೊಂದು ಅಭಿಪ್ರಾಯವಿತ್ತೆಂಬ ದಾಖಲೆಯೇ ಅಳಿಯುವುದು. ಭಾಷೆಗನುಸಾರವಾಗಿ ಪ್ರಾಂತಗಳನ್ನು ರಚಿಸಿಕೊಂಡ ಸಂಸ್ಥೆಯು ಆ ಪ್ರಾಂತಗಳ ದನಿಯನ್ನು ಒಂದೇ ಗುಡಾಣದಲ್ಲಿ ಕಲಸುವುದು ನಾಗಪುರದ ಠರಾವಿಗೆ ತಕ್ಕುದೆಂದು ನಮಗೆ ತೋರುವುದಿಲ್ಲ. ಇತರ ಪಕ್ಷಗಳಲ್ಲಿ ಈ ಮಟ್ಟದ ಎಣಿಕೆಯೇ ಕಾಣಸಿಗುವುದು ಅಪರೂಪವೆಂಬುದು ಬೇರೆ ಮಾತು. ಅದು ಇದಕ್ಕೆ ಉತ್ತರವಾಗದು.

ಆದುದರಿಂದ ಮತ್ತೆ ಅಂತಹ ಚುನಾವಣೆ ಒದಗಿದಾಗ ನಮ್ಮ ಮೂರು ತಾಲೂಕುಗಳ ಸದಸ್ಯರು ತಮ್ಮ ತಮ್ಮ ಬ್ಲಾಕಿನ ಪ್ರತಿನಿಧಿಯನ್ನು ಮತದಾನಕ್ಕೆ ಮೊದಲು ಒಂದು ಸಂಜೆ ಬಹಿರಂಗ ಸಭೆಗೆ ಕರೆಯಲಿ. ಯಾರಿಗೆ ಮತ ಹಾಕುವಿರೆಂದು ಕೇಳುವುದು ಬೇಡ. ಉಮೇದುವಾರರಿಗೆ ನೀವು ಬರೆದು ಕೇಳಿದ್ದು ಏನು, ಅವರು ಬರೆದು ಕೊಟ್ಟ ಉತ್ತರವೇನು, ಅದನ್ನು ನಡೆಸಿಕೊಡುವ ಅಧಿಕಾರ ಅಧ್ಯಕ್ಷನಿಗೆ ಉಂಟೇ, ಇಲ್ಲವಾದರೆ ಯಾರಿಗೆ ಉಂಟು ಎಂದು ಕೇಳಲಿ. ಮಹಾಜನ ವರದಿಯ ಮಾತಾಗಲಿ, ಕಾಸರಗೋಡಿನ ಕನ್ನಡ ಉಪಾಧ್ಯಾಯರ ನೇಮಕದ ಮಾತಾಗಲಿ, ರಾಜ್ಯವಾರು ಮತಗಳ ಪ್ರಕಟಣೆಯ ಮಾತಾಗಲಿ ಆ ಕಾಗದದಲ್ಲಿ ಇರಲಿ. ಉತ್ತರವನ್ನು ಸಭೆಯಲ್ಲಿ ಓದಿಸಿ, ಒಂದು ಪ್ರತಿಯನ್ನು ಊರಿನ ಶಾಲೆಯಲ್ಲಿಯೂ ಇಡಿಸಲಿ. ಐದು ವರ್ಷಗಳ ಮೇಲೆ ತೆಗೆದು ನೋಡುವವರು ಉಪಾಧ್ಯಾಯರೇ. ಸಭೆ ಕುಂದಾಪುರದಲ್ಲಿ ಆಗುವುದಾದರೆ ಬೈಂದೂರಿನವರಿಗೂ ಬ್ರಹ್ಮಾವರದವರಿಗೂ ಬರುವುದು ಈಗ ಕಷ್ಟವಲ್ಲ. ಹೊಳೆಗಳಿಗೆ ಸೇತುವೆಗಳಾಗಿವೆ, 1998ರಿಂದ ಕೊಂಕಣ ರೈಲು ಬೈಂದೂರಿನಲ್ಲಿಯೂ ಬಾರಕೂರಿನಲ್ಲಿಯೂ ನಿಲ್ಲುತ್ತದೆ, ಕಡವಿನಲ್ಲಿ ದೋಣಿಗಾಗಿ ಕಾಯುವ ಕಾಲ ಹೋಗಿದೆ.